ಯಾರ್ಡಿನಿಂದ ರೂಟಿಗೆ

ಜೂನ್ 3, ಸೋಮವಾರ

“ದಿನಾ ಮಾಡಿದ್ ತಪ್ಪು ದಿನಾ ಬರ್ಕಳಿ. ನಾನೇನ್ ತೆಗ್ದು ನೋಡಕ್ಕಿಲ್ಲ, ನಿಮ್ಗೇ ಇರ್ಲಿ” ಎಂದು ಹನುಮಂತರಾಯಪ್ಪನವರು ಎಂಟು ಜನಕ್ಕೂ ಒಂದೊಂದು ನೋಟ್‌ಬುಕ್ ಹಂಚಿದರು. ನಲವತ್ತು ವರ್ಷ ಲಾರಿ ಓಡಿಸಿ, ಈಗ ಹೊಸಬರಿಗೆ ಕಲಿಸುವ ಕೆಲಸಕ್ಕೆ ನಿಂತಿರುವ ಮನುಷ್ಯ. ಆರು ಗಂಡಸರನ್ನು ಹೆಸರು ಹಿಡಿದು ಕರೆದರು. ನನ್ನನ್ನೂ ಮಂಜುಶ್ರೀಯನ್ನೂ “ನೀವಿಬ್ರು” ಎಂದರು.

ಮೂರು ವರ್ಷ ರಾಜಗೋಪಾಲನಗರದಲ್ಲಿ ನೀರಿನ ಕ್ಯಾನಿನ ಗೂಡ್ಸ್ ಆಟೋ ಓಡಿಸಿದೆ. ಓಡಿಸಿದ್ದಕ್ಕಿಂತ ಹೊತ್ತಿದ್ದೇ ಹೆಚ್ಚು. ಮೂರನೇ ಮಹಡಿಗೆ ಇಪ್ಪತ್ತು ಲೀಟರ್ ಕ್ಯಾನು ಹೊತ್ತು ಹತ್ತಿದರೆ ಇಳಿಯುವಾಗ ಮೊಣಕಾಲು ನಡುಗುತ್ತಿತ್ತು. ತಿಂಗಳಿಗೆ ಹದಿಮೂರು ಸಾವಿರ. ಪೆಟ್ರೋಲ್ ಬಂಕಿನ ಗೋಡೆಯ ಮೇಲೆ ಈ ಕಂಪನಿಯ ಚೀಟಿ ನೋಡಿದೆ. ಹೊಸ ಲಾರಿ ಚಾಲಕರು ಬೇಕು, ತರಬೇತಿ ಉಚಿತ, ಮಹಿಳೆಯರೂ ಬರಬಹುದು. ಮೂರು ತಿಂಗಳು ಒಂಬತ್ತು ಸಾವಿರದ ಸ್ಟೈಪೆಂಡ್, ಆಮೇಲೆ ಇಪ್ಪತ್ನಾಲ್ಕು ಸಾವಿರ ಸಂಬಳ, ಟ್ರಿಪ್ಪಿಗೆ ಊಟದ ಖರ್ಚಿನ ಬಾಟಾ ಬೇರೆ.

ಇವತ್ತಿನ ತಪ್ಪು: ಸ್ಟೇರಿಂಗ್ ಹಿಡಿದುಕೊಂಡು ಲಾರಿ ಹತ್ತಿದೆ. ಬಾಗಿಲ ಪಕ್ಕದ ಹಿಡಿಕೆ ಹಿಡಿದು ಹತ್ತಬೇಕು.

ಜೂನ್ 8, ಶನಿವಾರ

ಮನೆಯವರು ಬಂದಿದ್ದಾರೆ. ಮಹದೇವಪುರದಲ್ಲಿ ಕಟ್ಟುತ್ತಿರುವ ದೊಡ್ಡ ಅಪಾರ್ಟ್‌ಮೆಂಟಿಗೆ ಕಬ್ಬಿಣ ಕಟ್ಟುವ ಕೆಲಸ ಅವರದು. ವಾರವೆಲ್ಲ ಅಲ್ಲೇ ಶೆಡ್ಡಿನಲ್ಲಿದ್ದು, ಶನಿವಾರ ಸಂಜೆ ಬರುತ್ತಾರೆ. ಊಟಕ್ಕೆ ಕೂತಾಗ ಸಿಟ್ಟಿನಲ್ಲೇ ಕೇಳಿದರು.

“ಹದಿಮೂರು ಬಿಟ್ಟು ಒಂಬತ್ತಕ್ಕ ಹೋದಾಕಿ ನೀ ಒಬ್ಬಾಕೀನ ನೋಡು. ಊರಾಗ, ಕುಷ್ಟಗಿ ಕಡೆ ಯಾರರ ಕೇಳಿದ್ರ ಏನ್ ಹೇಳ್ಲಿ? ನನ್ನ ಹೇಣ್ತಿ ಲಾರಿ ಹೊಡಿತಾಳ ಅನ್ಲೇನು?”

“ಹಂಗ ಅನ್ರಿ.”

ಹಾಗೆಂದು ಆಮೇಲೆ ನನಗೇ ಹೆದರಿಕೆಯಾಯಿತು. “ನೀವು ಬ್ಯಾಡ ಅಂದ್ರ ಬಿಡ್ತೀನಿ” ಎಂದೂ ಸೇರಿಸಿದೆ. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಇನ್ನೊಂದು ವಾರ ಹೋಗಿ ನೋಡು ಎಂದರು. ಒಂದು ವಾರ ಸಿಕ್ಕಿತು.

ಜೂನ್ 14, ಶುಕ್ರವಾರ

ಎರಡು ವಾರವಾದರೂ ಕೀಲಿ ಕೈಗೆ ಬಂದಿಲ್ಲ. ಬೆಳಿಗ್ಗೆ ಬಂದ ಕೂಡಲೇ ಲಾರಿಯ ಸುತ್ತ ಒಂದು ಸುತ್ತು. ಟಯರಿಗೆ ರಾಡಿನಿಂದ ತಟ್ಟಿ ಸದ್ದು ಕೇಳುವುದು, ಆಯಿಲ್ ನೋಡುವುದು, ಲೈಟು ನೋಡುವುದು. ನಂದೀಶ್ ಎಂಬ ಹುಡುಗ “ಏನ್ ಗುರು, ಇದು ಡ್ರೈವಿಂಗಾ, ದೇವಸ್ಥಾನದ ಪ್ರದಕ್ಷಿಣೆನಾ?” ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹಿಂದಿನ ಜೋಡಿ ಟಯರಿನಲ್ಲಿ ಹೊರಗಿನದು ಟಣ್ ಎನ್ನುತ್ತಿತ್ತು, ಒಳಗಿನದು ಮೆತ್ತಗೆ ಡಬ್ ಎಂದಿತು. ಗಾಳಿ ಇಳಿದಿತ್ತು. ಹೇಳಿದೆ. ಹನುಮಂತರಾಯಪ್ಪನವರು ತಾವೂ ತಟ್ಟಿ ನೋಡಿ, “ಊಂ” ಎಂದರು. ಅಷ್ಟೇ.

ಮನೆಯವರು ಕೊಟ್ಟ ವಾರ ನಾಳೆಗೆ ಮುಗಿಯುತ್ತದೆ. ಅವರು ಕೇಳಿದರೆ ಇನ್ನೊಂದು ವಾರ ಕೇಳಬೇಕು.

ಜೂನ್ 25, ಮಂಗಳವಾರ

ಓಡಿಸಿದೆ! ಲಾರಿ ನಿಲ್ಲಿಸುವ ಯಾರ್ಡಿನ ಒಳಗೇ, ಎರಡನೇ ಗೇರಿನಲ್ಲೇ, ಆದರೂ ಓಡಿಸಿದೆ. ಏಳು ಸಲ ಆಫ್ ಆಯಿತು. ಎಂಟನೇ ಸಲ ಹೊರಟಿತು. ಮೇಲೆ ಕೂತರೆ ರಸ್ತೆ ಬೇರೆಯಾಗಿ ಕಾಣುತ್ತದೆ. ಮುಂದೆ ಹೋಗುವವರ ತಲೆ ಮಾತ್ರ ಕಾಣುತ್ತದೆ, ಕಾಲು ಕಾಣುವುದಿಲ್ಲ.

ತಪ್ಪು: ಬ್ರೇಕಿಗೆ ಬೇಕಾದಷ್ಟು ಗಾಳಿ ತುಂಬುವ ಮೊದಲೇ ಹೊರಡಲು ನೋಡಿದೆ. ಹನುಮಂತರಾಯಪ್ಪನವರು ಕಿರುಚಲಿಲ್ಲ. ಕೀಲಿ ತಿರುಗಿಸಿ ಆಫ್ ಮಾಡಿ, “ಗಾಳಿ ಬರೋವರ್ಗೂ ನೀನು ಡ್ರೈವರ್ ಅಲ್ಲ ಕಣಮ್ಮ, ಪ್ಯಾಸೆಂಜರ್ರು” ಎಂದರು.

ಜುಲೈ 7, ಭಾನುವಾರ

ವಾರ ವಾರ ಕೇಳಿಯೇ ಇಲ್ಲಿವರೆಗೆ ಬಂದೆ. ಮನೆಯವರು ಯಾಕೆ ಹಿಂಜರಿಯುತ್ತಿದ್ದರು ಎಂದು ಇವತ್ತು ಗೊತ್ತಾಯಿತು. ಬಟ್ಟೆ ಒಣಗಿಸುತ್ತ, ಲಾರಿ ಹಿಂದಕ್ಕೆ ತೆಗೆಯುವುದು ಕಷ್ಟ ಎಂದು ಸುಮ್ಮನೆ ಹೇಳಿದೆ. ಅವರು ಮೆಟ್ಟಿಲ ಮೇಲೆ ಕೂತಿದ್ದರು.

“ಹ್ವಾದ ವರ್ಷ ಸೈಟಿನ್ಯಾಗ ಚನಬಸಪ್ಪ ಹೋದನಲ್ಲ, ಬಿದ್ದು ಸತ್ತ ಅಂತ ನಿನಗ ಹೇಳಿದ್ದೆ. ಬಿದ್ದಿದ್ದಲ್ಲ. ಕಾಂಕ್ರೀಟ್ ಗಾಡಿ ಹಿಂದಕ್ಕ ಬಂತು. ಇಂವ ತಂಬಾಕು ತಿಕ್ಕೋತ ನಿಂತಿದ್ದ. ಡ್ರೈವರ್ ನೋಡ್ಲಿಲ್ಲ. ನಾ ಹತ್ತು ಹೆಜ್ಜಿ ದೂರ ಇದ್ದೆ.” ಅಂಗೈ ನೋಡಿಕೊಳ್ಳುತ್ತ, “ಆ ಡ್ರೈವರ್ ಚಲೋ ಮನಷ್ಯಾನ. ನೆಲಕ್ಕ ಕುಂತು ತಲಿ ಬಡ್ಕೊಂಡ. ಹಿಂದ ಯಾರರ ನಿಂತಿರ್ತಾರ, ಮಹಾನಂದಾ” ಎಂದರು.

ಚನಬಸಪ್ಪ ನಮ್ಮ ಮನೆಗೆ ಎರಡು ಸಲ ಊಟಕ್ಕೆ ಬಂದಿದ್ದ. ಬಿಟ್ಟುಬಿಡುತ್ತೇನೆ ಎನ್ನಲು ಬಾಯಿ ಬರಲಿಲ್ಲ. “ಇಳಿದು ನೋಡ್ತೀನ್ರಿ. ಪ್ರತಿ ಸಲ ಇಳಿದು ನೋಡ್ತೀನಿ” ಎಂದೆ.

ಜುಲೈ 18, ಗುರುವಾರ

ರಿವರ್ಸ್ ತೆಗೆಯುವಾಗ ಇವತ್ತು ಹನ್ನೊಂದು ಸಲ ಇಳಿದೆ. ಇಳಿಯುವುದು, ಹಿಂದೆ ಹೋಗಿ ನೋಡುವುದು, ಹತ್ತುವುದು. ಗಂಡಸರು ಬಿದ್ದು ಬಿದ್ದು ನಕ್ಕರು. “ಅಕ್ಕ, ಹುಬ್ಬಳ್ಳಿ ಮುಟ್ಟೋಷ್ಟ್ರಲ್ಲಿ ದೀಪಾವಳಿ ಬಂದ್ಬಿಡತ್ತೆ” ಎಂದ ನಂದೀಶ್. ಹನುಮಂತರಾಯಪ್ಪನವರು ಬೇವಿನ ಮರದ ಕೆಳಗೆ ಕೂತು ನೋಡುತ್ತಲೇ ಇದ್ದರು.

ಜುಲೈ 19, ಶುಕ್ರವಾರ

ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ, “ಇವತ್ತಿಂದ ರಿವರ್ಸ್ ಆಕೋರು ಇಳ್ದು ನೋಡ್ಬೇಕು, ಮಹಾನಂದಾ ನೋಡ್ದಂಗೆ” ಎಂದರು. ನನ್ನ ಹೆಸರು ಅವರಿಗೆ ಗೊತ್ತಿದೆ.

ಆಗಸ್ಟ್ 6, ಮಂಗಳವಾರ

ಆರ್‌ಟಿಒ ಟೆಸ್ಟ್ ಪಾಸಾಯಿತು. ಎಂಟರಲ್ಲಿ ಏಳು ಜನ ಪಾಸ್. ಮಂಜುಶ್ರೀ ನನ್ನನ್ನು ತಬ್ಬಿಕೊಂಡು ಅತ್ತಳು. ಪೀಣ್ಯದ ಹಳೇ ಊರಿನವಳು. ಹೊಲವಿದ್ದ ಜಾಗದಲ್ಲಿ ಅವರ ದೊಡ್ಡಪ್ಪನವರು ಬಾಡಿಗೆ ಮನೆ ಕಟ್ಟಿದರು, ಇವಳ ಅಪ್ಪನ ಪಾಲಿಗೆ ಏನೂ ಬರಲಿಲ್ಲ. ಅವಳಿಗೆ ಈ ಕೆಲಸ ನನಗಿಂತ ಹೆಚ್ಚು ಬೇಕು.

ನಾನು ಅಳಲಿಲ್ಲ. ಸಿಕ್ಕಾಪಟ್ಟೆ ಹಸಿವಾಗಿತ್ತು. ಎರಡು ಪ್ಲೇಟ್ ಇಡ್ಲಿ ತಿಂದೆ.

ಆಗಸ್ಟ್ 12, ಸೋಮವಾರ

ಆಫೀಸಿನಲ್ಲಿ ಆರ್ಡರ್ ಕೊಟ್ಟರು. ಎಚ್‌ಆರ್ ಹರ್ಷವರ್ಧನ್ ಸಾರ್ ತುಂಬ ಮರ್ಯಾದೆಯ ಮನುಷ್ಯ. ಎಲ್ಲರಿಗೂ ಕುರ್ಚಿ ಕೊಟ್ಟು ಸ್ವೀಟ್ ಕೊಟ್ಟರು. ಹೊರಗೆ ಬಂದು ಓದಿದೆ. ನನ್ನದರಲ್ಲಿ ‘ಯಾರ್ಡ್ ಡ್ರೈವರ್, ಹದಿನಾರು ಸಾವಿರದ ಐನೂರು’ ಎಂದಿತ್ತು. ಮಂಜುಶ್ರೀಯದೂ ಅದೇ. ನಂದೀಶ್ ತನ್ನದನ್ನು ತೋರಿಸಿದ. ‘ರೂಟ್ ಡ್ರೈವರ್, ಇಪ್ಪತ್ನಾಲ್ಕು ಸಾವಿರ. ಹಿರಿಯ ಚಾಲಕರ ಜೊತೆ ಮೂರು ಸಾವಿರ ಕಿಲೋಮೀಟರ್ ಮುಗಿದ ದಿನದಿಂದ.’ ಐದು ಗಂಡಸರಿಗೂ ಹಾಗೆಯೇ.

ವಾಪಸ್ ಒಳಗೆ ಹೋದೆ.

“ಮೇಡಂ, ಯಾರ್ಡಲ್ಲಿ ಗಾಡಿ ಈ ಕಡೆಯಿಂದ ಆ ಕಡೆ ನಿಲ್ಸೋದು ಅಷ್ಟೇ. ಸೇಫ್ಟಿ ಇರತ್ತೆ, ಸಂಜೆ ಮನೆಗೆ ಹೋಗ್ಬಹುದು. ನಿಮ್ಮ ಒಳ್ಳೇದಕ್ಕೇ ಮಾಡಿರೋದು.”

“ಬಂಕಿನ ಗ್ವಾಡಿ ಚೀಟಿಯೊಳಗ ಇಪ್ಪತ್ನಾಲ್ಕು ಅಂತ ಇತ್ತಲ್ರೀ ಸಾರ್.”

“ಅದು ರೂಟಿಗೆ, ಮೇಡಂ. ಲೋಡ್ ತಗೊಂಡು ಊರಿಂದೂರಿಗೆ ಹೋಗೋರಿಗೆ.”

ಮಂಜುಶ್ರೀ ಸೈನ್ ಮಾಡಿದಳು. ನನ್ನ ಮುಖ ನೋಡಲಿಲ್ಲ. ಅವಳ ಮೇಲೆ ಸಿಟ್ಟಿಲ್ಲ. ನಾನು ಆರ್ಡರ್ ಮಡಚಿ ಚೀಲದಲ್ಲಿಟ್ಟುಕೊಂಡು ಬಂದೆ, ಸೈನ್ ಮಾಡದೆ.

ಆಗಸ್ಟ್ 13, ಮಂಗಳವಾರ

ನಂದೀಶನ ಆರ್ಡರಿನ ಫೋಟೋ ತೆಗೆದುಕೊಂಡೆ. ಅವನಾಗಿಯೇ ಕೊಟ್ಟ. “ಅಕ್ಕ, ಟೆಸ್ಟಲ್ಲಿ ನಿಂಗೆ ನನಗಿಂತ ಮಾರ್ಕ್ಸ್ ಜಾಸ್ತಿ ಕಣೇ” ಎಂದ.

ಆಗಸ್ಟ್ 17, ಶನಿವಾರ

ಮನೆಯವರು ಆರ್ಡರ್ ಓದಿದರು. ಖುಷಿಯಾದರು. “ಇದು ಚಲೋ ಆತು. ಯಾರ್ಡಿನ್ಯಾಗ ಇದ್ರ ನನಗೂ ಜೀವಕ್ಕ ಸಮಾಧಾನ. ಹದಿಮೂರಕ್ಕಿಂತ ಹೆಚ್ಚ ಐತಲ್ಲ?”

“ಹೆಚ್ಚ ಐತಿ. ಆದ್ರ ಆ ಹುಡುಗೂರು ಕಲ್ತಿದ್ದ ನಾನೂ ಕಲ್ತೀನಿ.”

“ಹಂಗಂದ್ರ ಏನ್ ಮಾಡಾಕಿ?”

“ರೂಟ್ ಕೇಳಾಕಿ.”

ಅವರು ಎದ್ದು ಹೊರಗೆ ಹೋದರು. ಬೀಡಿ ಸೇದಿ ಬಂದು ಮಲಗಿದರು. ನಾನು ಪಾತ್ರೆ ತೊಳೆದೆ.

ಆಗಸ್ಟ್ 20, ಮಂಗಳವಾರ

ಹರ್ಷವರ್ಧನ್ ಸಾರ್ ಹತ್ತಿರ ಮತ್ತೆ ಹೋದೆ. ಮೂರು ಸಾವಿರ ಕಿಲೋಮೀಟರ್ ನನಗೂ ಹಾಕಿಕೊಡಿ ಎಂದೆ. “ಯಾವ ಸೀನಿಯರ್ ಡ್ರೈವರೂ ಹೆಂಗಸ್ರನ್ನ ಕರ್ಕೊಂಡು ಹೋಗಲ್ಲ ಮೇಡಂ, ನಾನೇನ್ ಮಾಡ್ಲಿ?” ಎಂದರು.

“ಯಾರರ ಒಪ್ಪಿದ್ರ?”

ನಕ್ಕರು. “ಒಪ್ಪಿದ್ರೆ ನೋಡೋಣ. ಆದ್ರೆ ಮೂರು ತಿಂಗಳು ಮುಗೀತು, ಸೈನ್ ಮಾಡ್ದಿದ್ರೆ ಸೆಪ್ಟೆಂಬರಲ್ಲಿ ಸಂಬಳನೂ ಇಲ್ಲ, ಸ್ಟೈಪೆಂಡೂ ಇಲ್ಲ.”

ಸಂಜೆ ಗೇಟಿನ ಮುಂದಿನ ಟೀ ಅಂಗಡಿಯಲ್ಲಿ ನಿಂತು ಒಬ್ಬೊಬ್ಬ ಡ್ರೈವರನ್ನೂ ಕೇಳಿದೆ. ಒಬ್ಬರು ಹೆಂಡತಿಗೆ ಗೊತ್ತಾದರೆ ಕಷ್ಟ ಎಂದರು. ಒಬ್ಬರು ಕೈ ಮುಗಿದರು. ಒಬ್ಬ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅವನ ಟೀ ಲೋಟ ನೆಲಕ್ಕೆ ಬಿತ್ತು, ನಾನೇ ಬೀಳಿಸಿದ್ದು.

ಆಗಸ್ಟ್ 23, ಶುಕ್ರವಾರ

ಹದಿನಾಲ್ಕು ಡ್ರೈವರುಗಳನ್ನು ಕೇಳಿ ಆಯಿತು, ಯಾರೂ ಒಪ್ಪಲಿಲ್ಲ. ಹನುಮಂತರಾಯಪ್ಪನವರೇ ನನ್ನನ್ನು ಕರೆದು, “ಶಿವಶಂಕರನ್ನ ಕೇಳು. ಅವ್ನ ಗಾಡೀಲಿ ಎಂಗೂ ಒಬ್ಳು ಎಣ್ಮಗಳು ಅವ್ಳೆ” ಎಂದರು.

ಹುಬ್ಬಳ್ಳಿಯಿಂದ ಬಂದ ಹತ್ತು ಚಕ್ರದ ಲಾರಿ. ಎಡಗಡೆ ಬಾಗಿಲಿನಿಂದ ಸೀರೆ ಸೆರಗು ಸಿಕ್ಕಿಸಿಕೊಂಡ ಹೆಂಗಸೊಬ್ಬರು ಇಳಿದು ಟಾರ್ಪಾಲಿನ ಹಗ್ಗ ಬಿಚ್ಚತೊಡಗಿದರು. ಶಿವಶಂಕರ್ ಅವರ ಹೆಂಡತಿ ವನಜಾ. ಮಕ್ಕಳಿಲ್ಲ, ಇಪ್ಪತ್ತು ವರ್ಷದಿಂದ ಗಂಡನ ಜೊತೆಯಲ್ಲೇ, ಕ್ಲೀನರ್ ಸಂಬಳದಲ್ಲಿ. ಶಿವಶಂಕರ್ ಉತ್ತರ ಕೊಡುವ ಮೊದಲೇ ಅವರು ಹಗ್ಗ ಸುತ್ತುತ್ತ, “ಬರ್ಲಿ ಬಿಡ್ರೀ. ನೀವು ಗಾಡಿ ಕೆಳಗೆ ಹಾಸ್ಕೊಂಡ್ ಮಲಗಿ, ನಾವಿಬ್ರೂ ಕ್ಯಾಬಿನ್ನಲ್ಲಿ” ಎಂದರು. ಮುಗಿಯಿತು.

ಆಗಸ್ಟ್ 24, ಶನಿವಾರ

ಬುಧವಾರ ಹೊರಡುವುದು ಎಂದು ಮನೆಯವರಿಗೆ ಹೇಳಿದೆ. ಸೆಪ್ಟೆಂಬರಿನಲ್ಲಿ ಸ್ಟೈಪೆಂಡ್ ಇಲ್ಲ ಎಂದೂ ಹೇಳಿದೆ. ಅವರು ಕ್ಯಾಲೆಂಡರ್ ನೋಡಿ, “ಮುಂದಿನ ತಿಂಗಳ ಬಾಡಿಗಿ ನಾ ನೋಡ್ಕೋತೀನಿ. ಆ ವನಜಕ್ಕನ ನಂಬರ್ ಕೊಟ್ಟು ಹೋಗು” ಎಂದರು.

ಆಗಸ್ಟ್ 29, ಗುರುವಾರ, ಹುಬ್ಬಳ್ಳಿ

ದಾಬಸ್‌ಪೇಟೆ ದಾಟಿದ ಮೇಲೆ ಸ್ಟೇರಿಂಗ್ ಕೊಟ್ಟರು. ಹಿರಿಯೂರಿನವರೆಗೂ ನಾನೇ. ಲೋಡ್ ಇರುವ ಗಾಡಿ ಬೇರೆಯದೇ ಪ್ರಾಣಿ. ನಿಲ್ಲು ಎಂದರೆ ಸ್ವಲ್ಪ ಯೋಚಿಸಿ ನಿಲ್ಲುತ್ತದೆ. ವನಜಕ್ಕ ಎಡಗಡೆ ಕನ್ನಡಿ ನೋಡುತ್ತ ಹೇಳುತ್ತಾರೆ: “ಬೈಕ್ ಬಂತು. ಹೋಯ್ತು. ಈಗ ತಗೋ.” ಮೇಲ್ಸೇತುವೆ, ತಿರುವು, ಒಳ್ಳೆಯ ಶೌಚಾಲಯವಿರುವ ಬಂಕ್ ಎಲ್ಲ ಬಾಯಿಪಾಠ. “ಇಷ್ಟೆಲ್ಲ ಗೊತ್ತೈತಿ, ನೀವ್ಯಾಕ ಓಡಿಸೋದು ಕಲೀಲಿಲ್ಲ?” ಎಂದೆ.

“ಕಲೀತೀಯಾ ಅಂತ ಯಾರೂ ಕೇಳ್ಲಿಲ್ವಲ್ಲಮ್ಮ.”

ಶಿವಶಂಕರ್ ಅಣ್ಣ ರಸ್ತೆ ನೋಡುತ್ತ ಕೂತಿದ್ದರು. ರೇಡಿಯೋ ಸ್ವಲ್ಪ ಜೋರು ಮಾಡಿದರು.

ಸೆಪ್ಟೆಂಬರ್ 10, ಮಂಗಳವಾರ, ಹುಬ್ಬಳ್ಳಿ

ತಪ್ಪು ಮಾಡಿದೆ. ದೊಡ್ಡ ತಪ್ಪು.

ಗೋದಾಮಿನಲ್ಲಿ ಗಾಡಿ ಹಿಂದಕ್ಕೆ ಹಾಕಬೇಕಿತ್ತು. ವನಜಕ್ಕ ಬಿಲ್ಲಿಗೆ ಸೀಲ್ ಹಾಕಿಸಲು ಹೋಗಿದ್ದರು, ಶಿವಶಂಕರ್ ಅಣ್ಣ ಟೀ ತರಲು. ಸರದಿಗೆ ಕಾಯುತ್ತಿದ್ದ ಲಾರಿಯವನು ಹಾರ್ನ್ ಮೇಲೆ ಹಾರ್ನ್. ಒಮ್ಮೆ ಇಳಿದು ನೋಡಿದ್ದೆ, ಖಾಲಿ ಇತ್ತು. ಹತ್ತಿ ಹಿಂದಕ್ಕೆ ಬಿಟ್ಟೆ. ಅರ್ಧ ದಾರಿಯಲ್ಲಿ ಎಡಗಡೆ ಕನ್ನಡಿಯಲ್ಲಿ ಹಮಾಲನೊಬ್ಬ ಕಂಡ, ಗೋಡೆಯ ನೆರಳಿಗೆ ಬಂದು ಕೂರುತ್ತಿದ್ದ. ಸ್ಟೇರಿಂಗ್ ಬಲಕ್ಕೆ ಎಳೆದು ಬ್ರೇಕ್ ಹೊಡೆದೆ. ಬಲಗಡೆ ಹಿಂದಿನ ಮೂಲೆ ಕಂಬಕ್ಕೆ ತಾಗಿ ಲೈಟು ಪುಡಿಯಾಯಿತು, ತಗಡು ನೆಗ್ಗಿತು. ಹಮಾಲನಿಗೆ ಏನೂ ಆಗಲಿಲ್ಲ. “ಏನಕ್ಕಾ, ನಿಧಾನ” ಎಂದು ಎದ್ದು ಹೋದ.

ಶಿವಶಂಕರ್ ಅಣ್ಣ ಬಂದು ನೋಡಿದರು. “ನಾನ್ ಮಾಡಿದ್ದು ಅಂತ ಬರೀತೀನಿ ಬಿಡಮ್ಮ. ನನ್ನ ಹೆಸರಿಗೆ ಇಂಥವು ಹತ್ತಿವೆ, ಏನೂ ಆಗಲ್ಲ. ನಿನ್ನ ಹೆಸರಿಗೆ ಒಂದಿದ್ರೂ ಆಫೀಸಿನವ್ರಿಗೆ ಅದೇ ಸಾಕು.”

ನಿಜ. ಅದೇ ಸಾಕು. ಇನ್ನು ಆರುನೂರು ಕಿಲೋಮೀಟರ್ ಉಳಿದಿದೆ. ಟೀ ಆರುವವರೆಗೂ ಯೋಚಿಸಿದೆ. ಆ ಕಾಂಕ್ರೀಟ್ ಗಾಡಿಯ ಡ್ರೈವರ್ ನೆನಪಾದ. ಆಮೇಲೆ ಡ್ಯಾಮೇಜ್ ಫಾರಂ ತೆಗೆದುಕೊಂಡು ನನ್ನ ಹೆಸರೇ ಬರೆದೆ. ‘ಹಿಂದೆ ಯಾರನ್ನೂ ನಿಲ್ಲಿಸದೆ ರಿವರ್ಸ್ ತೆಗೆದೆ. ಸಹಾಯಕರು ಬರುವವರೆಗೆ ಕಾಯಬೇಕಿತ್ತು.’ ಸೈನ್ ಮಾಡಿದೆ.

ವಾಪಸ್ ಬರುವಾಗ ವನಜಕ್ಕ ಹಾವೇರಿಯಲ್ಲಿ ಮಿರ್ಚಿ ಕೊಡಿಸಿದರು.

ಸೆಪ್ಟೆಂಬರ್ 19, ಗುರುವಾರ

ಮೂರು ಸಾವಿರದ ನಲವತ್ತು ಕಿಲೋಮೀಟರ್. ಶಿವಶಂಕರ್ ಅಣ್ಣ ಸೈನ್ ಮಾಡಿಕೊಟ್ಟ ಹಾಳೆ ಹಿಡಿದು ಆಫೀಸಿಗೆ ಹೋದೆ. ಹರ್ಷವರ್ಧನ್ ಸಾರ್ ಮೇಜಿನ ಮೇಲೆ ನನ್ನ ಫಾರಂ ಮೊದಲೇ ಇತ್ತು.

“ನೋಡಿ ಮೇಡಂ, ಇದನ್ನೇ ನಾನು ಹೇಳಿದ್ದು. ಮೊದಲ ತಿಂಗಳಲ್ಲೇ ಡ್ಯಾಮೇಜ್.”

“ಉಳಿದ ಐದು ಮಂದೀದೂ ನೋಡ್ರಿ ಸಾರ್.”

“ಅವ್ರದ್ದು ಯಾವುದೂ ಇಲ್ಲ.”

ನಿಜವಾಗಿಯೂ ನಾನೊಬ್ಬಳೇ ಏನೋ ಅನ್ನಿಸಿತು. ಆದರೂ ಎದ್ದು ಬರಲಿಲ್ಲ. ಹನುಮಂತರಾಯಪ್ಪನವರನ್ನು ಕರೆಸಿ ಎಂದೆ. ಅವರು ಗಾಡಿ ವಾಪಸ್ ಬಂದಾಗ ಸುತ್ತು ಹಾಕಿ ನೋಡಿ ಬರೆಯುವ ರಿಜಿಸ್ಟರ್ ತಂದರು. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ಒಂದು ಗಾಡಿಯ ಬಂಪರ್ ನೆಗ್ಗಿದೆ. ಒಂದರ ಕನ್ನಡಿ ಇಲ್ಲ. ಒಂದರ ಹಿಂದಿನ ತಗಡು ಹರಿದಿದೆ.

“ಮೂರೂ ಒಸಾ ಉಡುಗ್ರು ಓಡ್ಸಿದ್ ಗಾಡಿಗಳೇ ಸಾರ್. ಕೇಳಿದ್ರೆ ಯಾರೋ ತಾಗ್ಸಿ ಓದ್ರು ಅಂತಾರೆ. ಬರ್ದು ಕೊಟ್ಟಿರೋದು ಈಯಮ್ಮ ಒಬ್ಳೇ. ಒಡೀದೆ ಕಲ್ತೋನು ನಾನೂ ಅಲ್ಲ. ಏಳ್ಕೊಳೋ ಡ್ರೈವರ್ ಬೇಕೋ, ಮುಚ್ಚಿಡೋ ಡ್ರೈವರ್ ಬೇಕೋ, ನೀವೇ ನೋಡ್ಕಳಿ.”

ಹರ್ಷವರ್ಧನ್ ಸಾರ್ ಬಹಳ ಹೊತ್ತು ರಿಜಿಸ್ಟರ್ ನೋಡಿದರು. “ಮನೆಯಲ್ಲಿ ಒಪ್ಪಿದ್ದಾರಾ?” ಎಂದು ಕೇಳಿದರು.

“ನನ್ನ ಗಂಡನ ಹೆಸರು ಯಮನೂರ ರೀ. ಅವರನ್ನ ನೀವ ಕೇಳ್ರಿ, ನಂಬರ್ ಕೊಡ್ತೀನಿ. ನಂದೀಶನ ಮನ್ಯಾಗ ಕೇಳಿದ್ದೀರೇನು?”

ಸೋಮವಾರ ಬನ್ನಿ ಎಂದರು.

ಸೆಪ್ಟೆಂಬರ್ 23, ಸೋಮವಾರ

ಹೊಸ ಆರ್ಡರ್. ರೂಟ್ ಡ್ರೈವರ್. ಓದುತ್ತಿದ್ದಂತೆ ಕಣ್ಣು ತುಂಬಿತು. ಆಮೇಲೆ ಅಂಕಿ ನೋಡಿದೆ. ಇಪ್ಪತ್ತೊಂದು ಸಾವಿರ.

“ಇದು ತಪ್ಪಾಗೈತ್ರಿ ಸಾರ್.”

“ಆರು ತಿಂಗಳು ಇದೇ ಇರ್ಲಿ ಮೇಡಂ. ಆಮೇಲೆ ನೋಡಿ ಏರಿಸೋಣ.”

ಫೋನಿನಲ್ಲಿದ್ದ ನಂದೀಶನ ಆರ್ಡರ್ ತೆಗೆದು ಮೇಜಿನ ಮೇಲಿಟ್ಟೆ. ಅವನ ಹೆಸರಿನ ಮೇಲೆ ಬೆರಳು ಇಟ್ಟುಕೊಂಡಿದ್ದೆ, ಪಾಪ ಅವನಿಗೆ ತೊಂದರೆಯಾಗಬಾರದು. ಕಿಲೋಮೀಟರ್ ಒಂದೇ, ಕೆಲಸ ಒಂದೇ, ಆರು ತಿಂಗಳ ಮಾತು ಇದರಲ್ಲಿಲ್ಲ ಎಂದೆ. ನಾನು ಕುರ್ಚಿಯಿಂದ ಏಳಲಿಲ್ಲ. ಮಧ್ಯಾಹ್ನ ಎರಡಕ್ಕೆ ಅವರು ಊಟಕ್ಕೆ ಹೋದರು. ನಾನು ಅಲ್ಲೇ ಕೂತು ಡಬ್ಬಿ ಬಿಚ್ಚಿ ರೊಟ್ಟಿ ತಿಂದೆ. ನಾಲ್ಕಕ್ಕೆ ಪ್ರಿಂಟರ್ ಸದ್ದಾಯಿತು.

ಇಪ್ಪತ್ನಾಲ್ಕು. ಮೂರು ಸಲ ಓದಿ ಸೈನ್ ಮಾಡಿದೆ.

ಸೆಪ್ಟೆಂಬರ್ 28, ಶನಿವಾರ

ನಾನು ಮನೆ ಸೇರುವಾಗ ಯಮನೂರ ಅನ್ನ ಬಸಿದಿಟ್ಟಿದ್ದರು. ಮುದ್ದೆಯಂತಾಗಿತ್ತು. ಸೈಟಿನಲ್ಲಿ ಎಲ್ಲರಿಗೂ ಹೇಳಿದರಂತೆ. “ಕಾಂಕ್ರೀಟ್ ಗಾಡಿ ಡ್ರೈವರ್‌ಗೂ ಹೇಳೀನಿ, ನನ್ನ ಹೇಣ್ತಿ ಇಳಿದು ನೋಡ್ತಾಳ, ನೀನೂ ನೋಡು ಅಂತ.” ಅನ್ನಕ್ಕೆ ಉಪ್ಪು ಕಡಿಮೆ ಎಂದು ಹೇಳಿದೆ. ಮುಂದಿನ ವಾರ ಸರಿಮಾಡುತ್ತೇನೆ ಎಂದರು.

ಅಕ್ಟೋಬರ್ 4, ಶುಕ್ರವಾರ, ಸಿಂಗಸಂದ್ರ

ಒಬ್ಬಳೇ ಮೊದಲ ಟ್ರಿಪ್. ಪೀಣ್ಯದಿಂದ ಮೋಟಾರು ಭಾಗಗಳ ಲೋಡು, ಎಲೆಕ್ಟ್ರಾನಿಕ್ ಸಿಟಿಯ ಫ್ಯಾಕ್ಟರಿಗೆ. ಅಲ್ಲಿಂದ ಹೊಸೂರು. ಬೆಳಗಿನ ಹೊತ್ತು ದೊಡ್ಡ ಗಾಡಿ ಬಿಡುವುದಿಲ್ಲ, ಅದಕ್ಕೇ ಹೊಸೂರು ರಸ್ತೆಯ ಪಕ್ಕ ಸಾಲಿನಲ್ಲಿ ನಿಂತಿದ್ದೇನೆ. ಮುಂದೆ ಎಂಟು ಲಾರಿ. ಕಂಪನಿ ಬಸ್ಸುಗಳು ಒಂದರ ಹಿಂದೊಂದು ಹೋಗುತ್ತಿವೆ.

ಮಂಜುಶ್ರೀ ಫೋನು ಮಾಡಿದ್ದಳು. ಆಗಸ್ಟಿನ ನಂತರ ಇದೇ ಮೊದಲು.

“ಅಕ್ಕ, ನಾನೂ ರೂಟ್ ಕೇಳ್ಬೇಕು ಅಂತಿದೀನಿ. ಆದ್ರೆ ನಿನ್ ಜೊತೆನೇ ಬರ್ತೀನಿ, ಬೇರೆಯವ್ರ ಜೊತೆ ಭಯ. ನೀನು ಯಾವಾಗ ಸೀನಿಯರ್ ಆಗ್ತೀಯಾ?”

“ಒಂದ್ ವರ್ಷ ಬೇಕಂತವ್ವ.”

“ಹಾಗಾದ್ರೆ ಒಂದ್ ವರ್ಷ ಕಾಯ್ತೀನಿ.”

“ಕಾಯಬ್ಯಾಡ” ಎಂದೆ. ಬಸ್ಸಿನ ಹಾರ್ನಿಗೆ ನನ್ನ ದನಿ ಜೋರಾಯಿತೇನೋ. “ವರ್ಷಕ್ಕ ತೊಂಬತ್ ಸಾವಿರ ಅವರ ಕೈಯಾಗ ಬಿಟ್ಟು ಕುಂತಂಗ ಆಗ್ತೈತಿ. ಶಿವಶಂಕರ್ ಅಣ್ಣನ ಗಾಡಿ ಸೋಮವಾರ ಹುಬ್ಬಳ್ಳಿಗೆ ಹೊಂಟೈತಿ, ವನಜಕ್ಕಗ ನಾನ ಹೇಳ್ತೀನಿ. ನೀ ಇವತ್ತ ಆಫೀಸಿಗೆ ಹೋಗಿ ಕೇಳು. ಊಟದ ಡಬ್ಬಿ ತಗೊಂಡು ಹೋಗು. ಬ್ಯಾಡ ಅಂದ್ರೂ ಅಲ್ಲೇ ಕುಂತಿರು.”

“ಏನಂತ ಶುರು ಮಾಡ್ಲಿ ಅಕ್ಕ?” ಎಂದಳು. ಹೇಳಿಕೊಡುತ್ತಿದ್ದಂತೆಯೇ ಸಾಲು ಅಲುಗಿತು. ಮುಂದಿನ ಲಾರಿಯ ಬ್ರೇಕ್ ಲೈಟು ಆರಿದೆ. ಇನ್ನು ಬರೆಯುವುದಕ್ಕಾಗುವುದಿಲ್ಲ, ಬ್ರೇಕಿಗೆ ಗಾಳಿ ತುಂಬಿದೆ, ಹೊರಡಬೇಕು.